ಗಾಜಿನ ಮೇಲೆ ಬದಲಾಗುವ ರಕ್ತಕಣ

ಕೆಂಪು ರಕ್ತಕಣಗಳ ಆಕಾರ ನೋಡಿ ರೋಗ ಗುರುತಿಸುವ ಪದ್ಧತಿ ವೈದ್ಯಲೋಕದಲ್ಲಿ ಬೇರೂರಿದೆಯಾದರೂ, ಸೂಕ್ಷ್ಮದರ್ಶಕದಡಿ ಕಾಣುವ ಆಕಾರವೆಲ್ಲ ರೋಗಿಯ ದೇಹದಲ್ಲಿ ಇದ್ದದ್ದೇ ಎಂದು ಹೇಳಲಾಗದು. ರಕ್ತವನ್ನು ಹರಡಿ, ಒಣಗಿಸಿ, ಬಣ್ಣ ಹಾಕಿದ ಕೈಯ ಪಾಲೂ ಅದರಲ್ಲಿ ಸೇರಿರುತ್ತದೆ. ಎರಡೂ ಬದಿಗೆ ನಡುವೆ ತಗ್ಗಿರುವ ಬಿಲ್ಲೆಯಂಥ ಈ ಕಣದ ಅಗಲ 7ರಿಂದ 8 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಕಿರಿದಾದ ನಾಳಗಳಲ್ಲಿ ಮಡಚಿಕೊಂಡು ನುಸುಳಲು ನೆರವಾಗುವ ಅದರ ಮೃದುತ್ವವೇ ಗಾಜಿನ ಮೇಲೆ ಅದನ್ನು ಸುಲಭವಾಗಿ ವಿಕಾರಗೊಳಿಸುತ್ತದೆ.

ಈ ಮಾತನ್ನು 1773ರಷ್ಟು ಹಿಂದೆಯೇ ಇಂಗ್ಲೆಂಡಿನ ವಿಲಿಯಂ ಹ್ಯೂಸನ್ ಪ್ರಯೋಗದಿಂದ ತೋರಿಸಿದ್ದನು. ರಕ್ತದ ತಿಳಿನೀರಿನಲ್ಲಿ, ಅಂದರೆ ಸೀರಮ್ಮಿನಲ್ಲಿ, ಚಪ್ಪಟೆಯಾಗಿಯೇ ಉಳಿದ ಕಣಗಳು ಬರಿಯ ನೀರು ಬೆರೆತೊಡನೆ ಉಬ್ಬಿ ಗುಂಡಗಾದುದನ್ನು ಅವನು ಕಂಡನು. ಉಪ್ಪಿನಂಶ ಹೆಚ್ಚಾದರೆ ಕಣದೊಳಗಿನ ನೀರು ಹೊರಬಂದು, ಅದು ಸುಕ್ಕಿ, ಅಂಚಿನಲ್ಲಿ ಮುಳ್ಳುಗಳೇಳುತ್ತವೆ. ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕವಿರುವ ಕೊಳವೆಯಲ್ಲಿ ರಕ್ತವನ್ನು ಬಹಳ ಹೊತ್ತು ಇಟ್ಟರೂ ಅಂಥದೇ ಮುಳ್ಳುಕಣಗಳು ಕಾಣಿಸಿಕೊಳ್ಳುತ್ತವೆ.

ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ ಸೀಮೆಯ ಆಡೂರಿನಂಥ ಊರುಗಳ ಮಟ್ಟಿಗೆ ಹೆಚ್ಚು ಗಮನಿಸಬೇಕಾದದ್ದು ಮಳೆಗಾಲದ ತೇವ. ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಹರಡಿದ ರಕ್ತ, ಅಂದರೆ ರಕ್ತಲೇಪ, ತಡವಾಗಿ ಒಣಗಿದರೆ, ಇಲ್ಲವೇ ಲೇಪವನ್ನು ಗಾಜಿಗೆ ಕಚ್ಚಿಸುವ ಮಿಥೆನಾಲಿನಲ್ಲಿ ನೀರಿನಂಶ ಸೇರಿದ್ದರೆ, ಕಣಗಳ ನಡುಭಾಗದಲ್ಲಿ ಬಿಳಿಚಿದ ಕುಳಿಗಳು ಮೂಡುತ್ತವೆ. ಹಳ್ಳಿಗಳಲ್ಲಿ ‘ರಕ್ತ ಕಡಿಮೆ’ ಎನ್ನುವ ಕಬ್ಬಿಣಾಂಶದ ಕೊರತೆಯಲ್ಲಿಯೂ ಕಣದ ನಡುಭಾಗ ಬಿಳಿಚುವುದರಿಂದ ಒಂದನ್ನು ಇನ್ನೊಂದೆಂದು ತಿಳಿಯುವ ಅಪಾಯವಿದೆ. ಆದರೆ ನಿಜವಾದ ಕೊರತೆಯಲ್ಲಿ ಬಿಳುಪು ಅಂಚಿನತ್ತ ಮೆಲ್ಲಗೆ ಕೆಂಪಿನಲ್ಲಿ ಕರಗುತ್ತದೆ. ತೇವದಿಂದಾದ ಕುಳಿಗೆ ಕೊರೆದಿಟ್ಟಂಥ, ಹೊಳೆಯುವ ಅಂಚಿರುತ್ತದೆ. ನುರಿತ ತಂತ್ರಜ್ಞರು ಲೇಪವನ್ನು ಕೂಡಲೇ ಗಾಳಿಯಾಡಿಸಿ ಒಣಗಿಸುವುದು ಇದಕ್ಕಾಗಿಯೇ. ಲೇಪದಲ್ಲಿ ನೋಡುವ ಜಾಗವೂ ಮುಖ್ಯ: ದಪ್ಪನೆಯ ಕಡೆ ಕಣಗಳು ನಾಣ್ಯಗಳ ಸಾಲಿನಂತೆ ಒಂದರ ಮೇಲೊಂದು ಕೂತಿದ್ದರೆ, ತುದಿಯಲ್ಲಿ ಅವು ಚಪ್ಪಟೆಯಾಗಿ ನಡುವಿನ ಬಿಳುಪನ್ನೇ ಕಳೆದುಕೊಂಡು, ರೋಗದಿಂದ ಗುಂಡಗಾದ ಕಣಗಳಂತೆ ತೋರುತ್ತವೆ.

ಕುಡುಗೋಲು ಕಣ ರೋಗದಲ್ಲಿ, ಅಂದರೆ ಸಿಕಲ್ ಸೆಲ್ ರೋಗದಲ್ಲಿ, ಆಕಾರವನ್ನು ಬೇಕೆಂದೇ ಬದಲಿಸುವ ಪರೀಕ್ಷೆಯುಂಟು. ನೀಲಗಿರಿಯ ಬುಡಕಟ್ಟುಗಳಲ್ಲಿ 1952ರಲ್ಲಿ ವರದಿಯಾದ, ಕರ್ನಾಟಕದ ಸೋಲಿಗ, ಜೇನುಕುರುಬ ಸಮುದಾಯಗಳಲ್ಲಿಯೂ ಕಂಡುಬಂದಿರುವ ಈ ದೋಷದ ವಾಹಕರ ರಕ್ತಲೇಪ ಸಾಮಾನ್ಯವಾಗಿ ಸಹಜವಾಗಿಯೇ ಕಾಣುತ್ತದೆ. ಆದ್ದರಿಂದ ಆಮ್ಲಜನಕ ಹೀರುವ ರಾಸಾಯನಿಕವನ್ನು ರಕ್ತಕ್ಕೆ ಬೆರೆಸಿ, ಗಾಳಿಯಾಡದಂತೆ ಮುಚ್ಚಿಟ್ಟು, ಕಣಗಳು ಬಾಗುವುದೇ ಎಂದು ನೋಡಲಾಗುತ್ತದೆ. ಬಾಗಿದರೂ ಅದು ರೋಗವೋ ವಾಹಕತ್ವವೋ ಎಂಬುದು ಹಿಮೋಗ್ಲೋಬಿನ್ನನ್ನು ಬೇರ್ಪಡಿಸಿ ನೋಡುವ ಮತ್ತೊಂದು ಪರೀಕ್ಷೆಯಿಂದಲೇ ತಿಳಿಯಬೇಕು. ಸಾವಿನ ನಂತರ ಅಂಗಾಂಶದಲ್ಲಿ ಆಮ್ಲಜನಕ ತಾನಾಗಿ ಇಳಿಯುವುದರಿಂದ, ಬದುಕಿನಲ್ಲಿ ಯಾವ ತೊಂದರೆಯನ್ನೂ ಅನುಭವಿಸದ ವಾಹಕನ ಕಣಗಳೂ ಬಾಗಿ, ಅಂಗಾಂಶವನ್ನು ಕೆಡದಂತೆ ಕಾಪಿಡುವ ಫಾರ್ಮಲಿನ್ನಿನಲ್ಲಿ ಹಾಗೆಯೇ ಸ್ಥಿರಗೊಂಡುಬಿಡಬಲ್ಲವು. ಹೀಗಾಗಿ ಮರಣೋತ್ತರ ಪರೀಕ್ಷೆಯ ಸ್ಲೈಡಿನಲ್ಲಿ ಕುಡುಗೋಲು ಕಣಗಳು ಕಂಡಮಾತ್ರಕ್ಕೆ ಅವೇ ಸಾವಿಗೆ ಕಾರಣವೆಂದು ಬರೆಯಲು ಬರುವುದಿಲ್ಲ.