ಅರಿವಳಿಕೆ: ಕಲಿಕೆ ನಗರದಲ್ಲಿ, ನೋವು ತಾಲ್ಲೂಕಿನಲ್ಲಿ

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಇಪ್ಪತ್ತು-ಮೂವತ್ತು ವರ್ಷ ದುಡಿದವರ ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಹಲವರಲ್ಲಿ ಸಣ್ಣ ಸಿಳ್ಳಿನ ಸದ್ದು ಕೇಳಿಸುತ್ತದೆ. ಗೂಡು ಬೇಯಿಸುವ ಹಬೆ, ಸತ್ತ ಹುಳುವಿನ ವಾಸನೆ, ಒಲೆಯ ಹೊಗೆ ಎಲ್ಲವೂ ಸೇರಿ ಅವರ ಶ್ವಾಸಕೋಶವನ್ನು ಹಣ್ಣುಮಾಡಿರುತ್ತವೆ. ಇಂಥವರೊಬ್ಬರು ಜಾರಿಬಿದ್ದು ಮುಂಗೈ ಮುರಿದುಕೊಂಡು ಬಂದರೆ ಮೂಳೆ ಕೂಡಿಸುವುದು ದೊಡ್ಡ ಕೆಲಸವಲ್ಲ. ಪೂರ್ತಿ ಪ್ರಜ್ಞೆ ತಪ್ಪಿಸಿ, ಗಂಟಲಿಗೆ ಕೊಳವೆ ಇಳಿಸಿ, ಯಂತ್ರದಿಂದ ಉಸಿರಾಡಿಸಿ, ಕೊನೆಗೆ ಅವರನ್ನು ಅವರದೇ ಉಸಿರಿಗೆ ಮರಳಿಸುವುದು ದೊಡ್ಡ ಕೆಲಸ. ಆ ಭಯಕ್ಕೇ ಎಷ್ಟೋ ಮಂದಿಯನ್ನು ಬೆಂಗಳೂರಿಗೆ ಕಳುಹಿಸಲಾಗುತ್ತದೆ.

ಒಂದು ಕೈ ಸರಿಪಡಿಸಲು ಇಡೀ ದೇಹವನ್ನು ಮಲಗಿಸಬೇಕಾಗಿಲ್ಲ. ತೋಳಿಗೆ ಹೋಗುವ ನರಗಳೆಲ್ಲ ಕೊರಳಿನ ಬುಡದಲ್ಲಿ, ಕತ್ತುಪಟ್ಟಿಯ ಮೂಳೆಯ ಹಿಂದೆ, ಒಂದು ಕಟ್ಟಾಗಿ ಹಾದುಹೋಗುತ್ತವೆ. ಅಲ್ಲಿ ಸುಮಾರು ಇಪ್ಪತ್ತು ಮಿಲಿಲೀಟರ್ ಔಷಧ ಬಿಟ್ಟರೆ ಕೈ ಮಾತ್ರ ನಿದ್ರಿಸುತ್ತದೆ. ರೋಗಿ ಎಚ್ಚರವಾಗಿಯೇ ಇದ್ದು ತನ್ನ ಉಸಿರನ್ನು ತಾನೇ ಆಡುತ್ತಾನೆ. ಇದನ್ನೇ ಪ್ರಾದೇಶಿಕ ಅರಿವಳಿಕೆ ಎನ್ನುವುದು. ಜರ್ಮನಿಯ ಕುಲೆನ್‌ಕಾಂಫ್ ಎಂಬ ವೈದ್ಯ 1911ರಲ್ಲೇ ಈ ಜಾಗದ ಚುಚ್ಚುಮದ್ದನ್ನು ಮೊದಲು ತನ್ನ ಮೇಲೆಯೇ ಪ್ರಯೋಗಿಸಿಕೊಂಡ. ತೊಡಕು ಒಂದೇ: ಆ ನರಗಳ ಕೆಳಗೇ ಶ್ವಾಸಕೋಶದ ತುದಿಯಿದೆ. ಸೂಜಿ ಸ್ವಲ್ಪ ಆಳಕ್ಕೆ ಹೋದರೂ ಅದು ತೂತಾಗಬಹುದು. ಹೀಗಾಗಿ ದಶಕಗಳ ಕಾಲ ಇದು ಧೈರ್ಯಸ್ಥರ ವಿದ್ಯೆಯಾಗಿಯೇ ಉಳಿಯಿತು. 1994ರಲ್ಲಿ ವಿಯೆನ್ನಾದ ವೈದ್ಯರು ಅಲ್ಟ್ರಾಸೌಂಡ್ ಪರದೆಯ ಮೇಲೆ ನೋಡಿಕೊಂಡೇ ಈ ಔಷಧ ನೀಡಿದ ಅನುಭವವನ್ನು ಪ್ರಕಟಿಸಿದ ಮೇಲೆ ಚಿತ್ರ ಬದಲಾಯಿತು. ಈಗ ನರ, ರಕ್ತನಾಳ, ಸೂಜಿಯ ತುದಿ ಎಲ್ಲವೂ ಕಣ್ಣೆದುರಿಗೆ ಕಾಣುತ್ತವೆ.

ಕಾಣುತ್ತವೆ ಎಂದಷ್ಟೇ ಹೇಳಿದರೆ ಸಾಲದು, ಕಾಣಲು ಕಲಿಯಬೇಕು. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ಆಸ್ಪತ್ರೆಗಳಲ್ಲಿ ಅರಿವಳಿಕೆ ನೀಡುತ್ತ ತಿರುಗುವವರಲ್ಲಿ ನಾನೂ ಒಬ್ಬ. ಎಂ.ಡಿ. ಮುಗಿಸಿ ಹಲವು ವರ್ಷಗಳಾದ ಮೇಲೆ ಇದರಲ್ಲಿ ಫೆಲೋಶಿಪ್ ಮಾಡಲು ನಗರಕ್ಕೆ ಹೋದೆ. ಸ್ನಾತಕೋತ್ತರ ವ್ಯಾಸಂಗದಲ್ಲಿ ಬೆನ್ನಿಗೆ ಕೊಡುವ ಚುಚ್ಚುಮದ್ದು ಎಲ್ಲರಿಗೂ ಕರಗತವಾಗುತ್ತದೆ. ನರಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಅಭ್ಯಾಸ ಎಲ್ಲ ಕಾಲೇಜುಗಳಲ್ಲೂ ಒಂದೇ ತೆರನಾಗಿ ಸಿಗುವುದಿಲ್ಲ. ಆ ಕೊರತೆ ತುಂಬಲೆಂದೇ ಆರು ತಿಂಗಳ ಅಥವಾ ಒಂದು ವರ್ಷದ ಈ ತರಬೇತಿಗಳು ಹುಟ್ಟಿಕೊಂಡಿವೆ. ಕೊಯಮತ್ತೂರಿನ ಗಂಗಾ ಆಸ್ಪತ್ರೆ ಇದಕ್ಕೆ ದೇಶದಾದ್ಯಂತ ಹೆಸರಾಗಿದೆ.

ಒಂದು ಕೈಯಲ್ಲಿ ಪ್ರೋಬ್, ಇನ್ನೊಂದರಲ್ಲಿ ಸೂಜಿ, ಕಣ್ಣು ಮಾತ್ರ ಪರದೆಯ ಮೇಲೆ. ಮೊದಲ ವಾರಗಳಲ್ಲಿ ಸೂಜಿ ಎಲ್ಲಿದೆಯೆಂದೇ ತಿಳಿಯದು. ಅಂಗಡಿಯಿಂದ ತಂದ ಮಾಂಸದ ತುಂಡಿಗೆ ಚುಚ್ಚಿ ಚುಚ್ಚಿ ಕೈ ಕುದುರಿಸಿಕೊಳ್ಳಬೇಕು. ಇದಕ್ಕಿಂತ ಮುಖ್ಯವಾದ ಪಾಠ, ಯಾವಾಗ ಚುಚ್ಚಬಾರದು ಎಂಬುದು. ಔಷಧ ರಕ್ತನಾಳ ಸೇರಿದರೆ ಫಿಟ್ಸ್ ಬರಬಹುದು, ಹೃದಯ ನಿಲ್ಲಬಹುದು. ಆಗ ನೆರವಿಗೆ ಬರುವುದು ಶೇ 20ರ ಕೊಬ್ಬಿನ ದ್ರಾವಣದ ಒಂದು ಬಾಟಲಿ. ಹಾಲಿನಂತೆ ಕಾಣುವ ಇದು ನಾಡಿಗೆ ಹರಿದು, ಅಂಗಾಂಗಗಳಿಗೆ ತಗಲಿದ ಔಷಧವನ್ನು ಬಿಡಿಸುತ್ತದೆ. ಆ ಬಾಟಲಿ ಎಲ್ಲಿದೆಯೆಂದು ವಿಚಾರಿಸದೆ ಸೂಜಿ ಎತ್ತಬಾರದೆಂಬುದನ್ನು ಅಲ್ಲಿ ದಿನವೂ ಹೇಳಿಸಿಕೊಂಡೆವು.

ನನ್ನ ಜೊತೆ ಕಲಿತವರಲ್ಲಿ ಬಹುತೇಕರು ಇಂದು ಮಹಾನಗರಗಳ ದೊಡ್ಡ ಆಸ್ಪತ್ರೆಗಳಲ್ಲಿದ್ದಾರೆ. ಅವರನ್ನು ದೂರಿ ಫಲವಿಲ್ಲ. ಯಂತ್ರ, ಔಷಧ, ಸಂಬಳ ಮೂರೂ ಅಲ್ಲಿವೆ. ಆದರೆ ಅಲ್ಲಿನ ರೋಗಿಗೆ ಪ್ರಾದೇಶಿಕ ಅರಿವಳಿಕೆ ಸಿಗದಿದ್ದರೂ ತೀವ್ರ ನಿಗಾ ಘಟಕವಾದರೂ ಕಾದಿರುತ್ತದೆ. ಗೌರಿಬಿದನೂರಿನ ಕಡೆಯ ಹಳ್ಳಿಯಲ್ಲಿ ದನದ ಕೊಟ್ಟಿಗೆಯಲ್ಲಿ ಜಾರಿ ಸೊಂಟ ಮುರಿದುಕೊಂಡ ಎಪ್ಪತ್ತೈದರ ಅಜ್ಜಿಗೆ ಅದಿಲ್ಲ. ಬೆನ್ನಿಗೆ ಚುಚ್ಚಲು ಆಕೆಯನ್ನು ಎದ್ದು ಕೂರಿಸುವುದೇ ಚಿತ್ರಹಿಂಸೆ. ಅದಕ್ಕೆ ಮೊದಲು ತೊಡೆಸಂದಿನ ನರಗಳನ್ನು ಹದಿನೈದು-ಇಪ್ಪತ್ತು ನಿಮಿಷ ಮುಂಚೆ ಸ್ತಬ್ಧಗೊಳಿಸಿದರೆ ಆಕೆ ತಾನೇ ಸಹಕರಿಸುತ್ತಾಳೆ. ಕಡಿಮೆ ಸಾಧನಗಳಿರುವಲ್ಲೇ ಈ ವಿದ್ಯೆಗೆ ಹೆಚ್ಚು ಬೆಲೆ ಎಂಬ ನನ್ನ ವಾದಕ್ಕೆ ಆಕೆಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಎಚ್ಚರವಿರುವ ರೋಗಿಯೊಂದಿಗೆ ಮಾತನಾಡಬೇಕು ಎಂಬುದನ್ನು ಮಾತ್ರ ಯಾವ ಫೆಲೋಶಿಪ್ಪೂ ಕಲಿಸಲಾರದು. ನಮ್ಮ ಜಿಲ್ಲೆಯಲ್ಲಿ ಬಹಳಷ್ಟು ಮನೆಗಳ ಮಾತು ತೆಲುಗು. ಕೈ ಪೂರ್ತಿ ಮರಗಟ್ಟಿದ್ದರೂ ತನಗೆ ಎಚ್ಚರವಿದೆಯೆಂಬ ಒಂದೇ ಕಾರಣಕ್ಕೆ ‘ನಾಕು ಮತ್ತು ರಾಲೇದು ಸಾಮೀ, ಕೊಯ್ಯಕಂಡಿ’ ಎಂದು ಕೂಗಿಕೊಳ್ಳುವವರುಂಟು. ಮತ್ತು ಬಂದಿಲ್ಲ, ಕೊಯ್ಯಬೇಡಿ ಎಂಬ ಆ ಮೊರೆಗೆ ಅವರ ಭಾಷೆಯಲ್ಲೇ ಉತ್ತರಿಸದಿದ್ದರೆ, ಎಷ್ಟು ಸರಿಯಾಗಿ ಕೊಟ್ಟ ಚುಚ್ಚುಮದ್ದೂ ಸೋತಂತೆಯೇ. ಮಳೆ, ಗೂಡಿನ ಧಾರಣೆ, ಟೊಮೆಟೊ ಬೆಲೆ ಮಾತನಾಡುತ್ತ ಶಸ್ತ್ರಚಿಕಿತ್ಸೆ ಮುಗಿಸಿದ ದಿನಗಳು ನನಗೆ ಲೆಕ್ಕವಿಲ್ಲ.

ಇನ್ನು ಯಂತ್ರದ ಮಾತು. ಹೆಣ್ಣು ಭ್ರೂಣಹತ್ಯೆ ತಡೆಯಲು 1994ರಲ್ಲಿ ಬಂದ ಕಾಯ್ದೆಯಡಿ ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಬೇಕು. 2012ರ ನಿಯಮ ತಿದ್ದುಪಡಿಯ ಪ್ರಕಾರ, ಒಯ್ಯಬಹುದಾದ ಯಂತ್ರವನ್ನೂ ನೋಂದಣಿಯಾದ ಆವರಣದೊಳಗೆ, ಅಲ್ಲಿನ ಒಳರೋಗಿಗಳಿಗೆ ಮಾತ್ರ ಬಳಸಬೇಕು. ಇದರಾಚೆ ಸಂಚಾರಿ ವೈದ್ಯಕೀಯ ಘಟಕಗಳಿಗಷ್ಟೇ ಅವಕಾಶ. ಬೆಳಿಗ್ಗೆ ಚಿಂತಾಮಣಿ, ಮಧ್ಯಾಹ್ನ ಶಿಡ್ಲಘಟ್ಟ ಎಂದು ಓಡಾಡುವ ಅರಿವಳಿಕೆ ತಜ್ಞ ತನ್ನ ಯಂತ್ರವನ್ನು ಕಾರಿನಲ್ಲಿಟ್ಟುಕೊಂಡು ಹೋಗುವಂತಿಲ್ಲ. ನರ ನೋಡುವ ಪ್ರೋಬ್ ಚರ್ಮದಿಂದ ಕೆಲವೇ ಸೆಂಟಿಮೀಟರ್ ಆಳದವರೆಗೆ ಚೆನ್ನಾಗಿ ತೋರಿಸುತ್ತದೆ ಎಂಬ ವಾದವಿದ್ದರೂ ಕಾಯ್ದೆ ಸಡಿಲಿಸಿ ಎಂದು ನಾನು ಕೇಳಲಾರೆ. ಆ ಕಾಯ್ದೆ ಏಕೆ ಬೇಕಾಯಿತೆಂಬುದು ನಮಗೆಲ್ಲ ಗೊತ್ತು. ತಾಲ್ಲೂಕು ಆಸ್ಪತ್ರೆಗಳೇ ಶಸ್ತ್ರಚಿಕಿತ್ಸಾ ಕೊಠಡಿಗೆಂದು ಒಂದೊಂದು ಯಂತ್ರ ಕೊಂಡು ನೋಂದಾಯಿಸಿಕೊಳ್ಳಲಿ. ಸ್ಕ್ಯಾನಿಂಗ್ ಕೊಠಡಿಗೊಂದು ಬಂದಿದೆಯಲ್ಲ ಎಂಬ ಉತ್ತರ ಸಾಲದು.

ತರಬೇತಿಯನ್ನೂ ಇತ್ತ ತರಬಹುದು. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ, ತಾಯಂದಿರ ಜೀವ ಉಳಿಸಲು ಎಂ.ಬಿ.ಬಿ.ಎಸ್. ವೈದ್ಯರಿಗೇ 18 ವಾರಗಳ ಅರಿವಳಿಕೆ ತರಬೇತಿ ಕೊಟ್ಟ ಉದಾಹರಣೆ ನಮ್ಮಲ್ಲೇ ಇದೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟಾಗ ನಮ್ಮ ಜಿಲ್ಲೆಯಲ್ಲಿ ಒಂದೂ ವೈದ್ಯಕೀಯ ಕಾಲೇಜು ಇರಲಿಲ್ಲ. ಈಗ ಸರ್ಕಾರಿ ಕಾಲೇಜಿದೆ. ಮುದ್ದೇನಹಳ್ಳಿಯಲ್ಲಿ ಉಚಿತ ಶಿಕ್ಷಣದ ಇನ್ನೊಂದು ಕಾಲೇಜು 2023ರಲ್ಲಿ ಉದ್ಘಾಟನೆಯಾಗಿದೆ. ನಗರದ ಫೆಲೋಗಳನ್ನು ಎರಡು ತಿಂಗಳು ಇಲ್ಲಿಗೆ ಕಳುಹಿಸಿದರೆ ತಾಲ್ಲೂಕಿನ ವೈದ್ಯರು ವಾರಕ್ಕೆ ಒಂದೆರಡು ದಿನ ಬಂದು ಅವರ ಜೊತೆ ಕಲಿಯಬಹುದು.

ವಾರಕ್ಕೆ ಒಂದೆರಡು ದಿನ ಎಂದು ಬೇಕೆಂದೇ ಬರೆದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಇರುವುದು ಒಬ್ಬರೇ ಅರಿವಳಿಕೆ ತಜ್ಞರು. ಅವರು ಒಂದು ವರ್ಷ ಕಲಿಯಲು ಹೋದರೆ ಅಷ್ಟೂ ದಿನ ರಾತ್ರಿ ಹೊತ್ತಿನ ಸಿಸೇರಿಯನ್‌ಗಳು ನಿಲ್ಲುತ್ತವೆ. ಫೆಲೋಶಿಪ್‌ಗೆ ರಜೆ ಕೇಳಿದ ಸರ್ಕಾರಿ ವೈದ್ಯರೊಬ್ಬರ ಅರ್ಜಿಯನ್ನು ಅವರೇ ನನಗೆ ತೋರಿಸಿದ್ದರು. ಅದರ ಅಂಚಿನಲ್ಲಿ ಮೇಲಧಿಕಾರಿಗಳು ಹಸಿರು ಶಾಯಿಯಲ್ಲಿ ಬರೆದದ್ದು ಇಷ್ಟೇ: ‘ಬದಲಿ ವ್ಯವಸ್ಥೆ ಮಾಡಿಕೊಂಡು ತೆರಳುವುದು.’