ಸ್ಪಿತಿ ಕಣಿವೆಗೆ ಸೈಕಲ್ ಪ್ರವಾಸ

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯು ವಿರಳ ಜನವಸತಿಯ ಶೀತ ಮರುಭೂಮಿ. ವಾಹನ ಸಂಚಾರ ಕಡಿಮೆಯಿರುವ ಇಲ್ಲಿನ ರಸ್ತೆಗಳು ಸೈಕಲ್ ಪ್ರವಾಸಿಗರನ್ನು ಆಕರ್ಷಿಸುತ್ತವೆ. ಕಣಿವೆಯ ಮುಖ್ಯ ಪಟ್ಟಣವಾದ ಕಾಜಾ 3,600 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿ ವಾಯುವಿನ ಒತ್ತಡವು ಸಮುದ್ರಮಟ್ಟದಲ್ಲಿರುವುದರ ಸುಮಾರು ಮೂರನೆಯ ಎರಡು ಭಾಗ ಮಾತ್ರ. ಪ್ರತಿ ಉಸಿರಿನಲ್ಲಿ ದೊರೆಯುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ.

ಕಾಜಾ ತಲುಪಲು ಎರಡು ಮಾರ್ಗಗಳಿವೆ. ಮನಾಲಿಯಿಂದ ದೂರ ಸುಮಾರು 200 ಕಿ.ಮೀ. ಆದರೆ ಸುಮಾರು 2,000 ಮೀಟರ್ ಎತ್ತರದಿಂದ ಹೊರಟವರು ಕೆಲವೇ ದಿನಗಳಲ್ಲಿ 4,500 ಮೀಟರಿಗೂ ಮಿಗಿಲಾದ ಕುಂಜುಮ್ ಘಟ್ಟವನ್ನು ಏರಿ ಇಳಿಯಬೇಕಾಗುತ್ತದೆ. ಚಳಿಗಾಲದಲ್ಲಿ ಈ ದಾರಿ ಹಿಮದಿಂದ ಮುಚ್ಚಿರುತ್ತದೆ. ಶಿಮ್ಲಾದಿಂದ ಕಿನ್ನೌರ್ ಮೂಲಕ ಸಾಗುವ ಮಾರ್ಗವು 400 ಕಿ.ಮೀ.ಗೂ ಹೆಚ್ಚು. ಸಟ್ಲೆಜ್ ಮತ್ತು ಸ್ಪಿತಿ ನದಿಗಳ ಜಾಡು ಹಿಡಿದು, ಕ್ರಿ.ಶ. 996ರಲ್ಲಿ ಸ್ಥಾಪನೆಯಾದ ತಾಬೋ ಬೌದ್ಧವಿಹಾರವನ್ನು ಹಾದು, ಅದು ಹಂತಹಂತವಾಗಿ ಏರುತ್ತದೆ. ದೇಹವು ಎತ್ತರಕ್ಕೆ ಹೊಂದಿಕೊಳ್ಳಲು ಕಾಲಾವಕಾಶ ದೊರೆಯುವುದರಿಂದ ಹೊಸಬರಿಗೆ ಈ ದೂರದ ದಾರಿಯೇ ಲೇಸು.

ಪರ್ವತವ್ಯಾಧಿಯು ಕಟ್ಟುಮಸ್ತಾದ ಸವಾರರನ್ನೂ ಬಿಡುವುದಿಲ್ಲ. 3,000 ಮೀಟರಿನಿಂದ ಮೇಲೆ ರಾತ್ರಿ ತಂಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ತಲೆನೋವಿನೊಡನೆ ವಾಕರಿಕೆ ಕಾಣಿಸಿಕೊಂಡರೆ ಅಲ್ಲಿಯೇ ತಂಗಬೇಕು. ನಡಿಗೆ ತೂರಾಡಿದರೆ ಅಥವಾ ಕುಳಿತಲ್ಲಿಯೂ ಏದುಸಿರು ಬಂದರೆ, ರಾತ್ರಿಯಾದರೂ ಸರಿಯೆ, ರೋಗಿಯನ್ನು ವಾಹನದಲ್ಲಿ ಕೂಡಲೇ ಕೆಳಗಿಳಿಸಿ ವೈದ್ಯರ ಬಳಿಗೆ ಕರೆದೊಯ್ಯಬೇಕು.