ಮೊಬೈಲ್ ಓದ್ತಾನೆ, ಇವನೆಂಥಾ ಕುರುಡ?

ಬಿಳಿ ಕೋಲು ಹಿಡಿದ ಹುಡುಗ ಬಸ್ಸು ಹತ್ತುತ್ತಾನೆ. ಯಾರೋ ಎದ್ದು ಜಾಗ ಬಿಡುತ್ತಾರೆ. ಕೂತವನು ಕೋಲು ಮಡಚಿ ಚೀಲಕ್ಕೆ ಹಾಕಿ, ಮೊಬೈಲ್ ತೆಗೆದು ಓದತೊಡಗುತ್ತಾನೆ. ಅಷ್ಟು ಸಾಕು, ವಿಚಾರಣೆ ಶುರು. ‘ಮೆಸೇಜ್ ಓದ್ತಾ ಇದಾನೆ, ಇವನೆಂಥಾ ಕುರುಡ?’ ಎಂದು ಒಬ್ಬರು. ‘ಎಲ್ಲಾ ಪಾಸಿಗೋಸ್ಕರ ರೀ, ನಾಟಕ’ ಎಂದು ಇನ್ನೊಬ್ಬರು. ಮೂರನೆಯವರು ಅವನ ಮುಖದೆದುರು ಕೈ ಚಾಚಿ ‘ಇದೆಷ್ಟು ಬೆರಳು ಹೇಳಪ್ಪ’ ಎಂದು ಪರೀಕ್ಷೆಗೇ ಇಳಿಯುತ್ತಾರೆ.

ಕಣ್ಣು ಒಂದೋ ಪೂರ್ತಿ ಕಾಣುತ್ತದೆ, ಇಲ್ಲವೋ ಏನೂ ಕಾಣುವುದಿಲ್ಲ. ಕೋಲು ಹಿಡಿದ ಮೇಲೆ ಏನಾದರೂ ಕಂಡರೆ ಅದು ಮೋಸ. ಈ ನಂಬಿಕೆಯಷ್ಟು ರೇಗಿಸುವುದು ನನಗೆ ಇನ್ನೊಂದಿಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಏನನ್ನುತ್ತದೆ ನೋಡಿ. ಪೂರ್ಣ ಕತ್ತಲೆ ಅಂಧತ್ವದ ಒಂದು ಬಗೆ ಮಾತ್ರ. ಕನ್ನಡಕ ಹಾಕಿದ ಮೇಲೂ, ಇರುವುದರಲ್ಲಿ ಒಳ್ಳೆಯ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆಯಿದ್ದರೆ ಅದೂ ಅಂಧತ್ವ. ಅಂದರೆ, ಸರಿಯಾದ ಕಣ್ಣಿಗೆ 60 ಮೀಟರ್ ದೂರದಿಂದ ಕಾಣುವ ಅಕ್ಷರ ಇವರಿಗೆ 3 ಮೀಟರ್ ಹತ್ತಿರ ಬಂದರೂ ಕಾಣದು. ನೋಟದ ಹರವು 10 ಡಿಗ್ರಿಗಿಂತ ಕಿರಿದಾಗಿದ್ದರೆ ಅದೂ ಅಂಧತ್ವವೇ, ನಡುವಿನ ನೋಟ ಎಷ್ಟೇ ಚುರುಕಾಗಿರಲಿ. ಇಷ್ಟು ಕೆಟ್ಟಿಲ್ಲದವರಿಗೆ ಮಂದದೃಷ್ಟಿ ಎಂಬ ಬೇರೆಯೇ ವರ್ಗವಿದೆ.

10 ಡಿಗ್ರಿ ಎಷ್ಟೆಂದು ತಿಳಿಯಬೇಕೇ? ತೋಳು ನೀಳವಾಗಿ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿ ಮರೆಮಾಡುವಷ್ಟೇ ಜಾಗ ನಿಮಗೆ ಕಾಣುತ್ತದೆ, ಸುತ್ತಲಿನದೆಲ್ಲ ಇಲ್ಲ ಎಂದುಕೊಳ್ಳಿ. ಅಷ್ಟರಲ್ಲಿ ಮೊಬೈಲಿನ ನಾಲ್ಕು ಸಾಲು ಧಾರಾಳವಾಗಿ ಹಿಡಿಸುತ್ತವೆ. ಕಾಲ ಬುಡದ ಮೆಟ್ಟಿಲು, ಪಕ್ಕದಿಂದ ನುಗ್ಗುವ ಸ್ಕೂಟರು, ಫುಟ್‌ಪಾತಿನಲ್ಲಿ ಕಲ್ಲು ಕಿತ್ತ ಗುಂಡಿ ಹಿಡಿಸುವುದಿಲ್ಲ.

ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ವಂಶಪಾರಂಪರ್ಯದ ಕಾಯಿಲೆ ಮಾಡುವುದು ಇದನ್ನೇ. ಮಬ್ಬು ಬೆಳಕಿನಲ್ಲೂ ಅಂಚುಗಳಲ್ಲೂ ನೋಡಲು ನೆರವಾಗುವ ಕೋಶಗಳು ಮೊದಲು ಸಾಯುತ್ತವೆ. ಇರುಳುಗುರುಡಿನಿಂದ ಆರಂಭವಾಗಿ ನೋಟ ವರ್ಷಗಟ್ಟಲೆ ಅಂಚಿನಿಂದ ನಡುವಿಗೆ ಕುಗ್ಗುತ್ತ ಬರುತ್ತದೆ. ಹೀಗಾಗಿ, ಬೆಳಿಗ್ಗೆ ಬರಿಗೈಯಲ್ಲಿ ಹಾಲು ತಂದವರೇ ಸಂಜೆಗತ್ತಲಲ್ಲಿ ಕೋಲು ಬಿಚ್ಚುತ್ತಾರೆ. ಎದುರುಮನೆಯವರ ಪ್ರಕಾರ ಅದೂ ನಾಟಕ. ವಯಸ್ಸಾದವರಲ್ಲಿ ನಡುನೋಟಕ್ಕೆ ಕಾರಣವಾದ ಮ್ಯಾಕ್ಯುಲಾ ಎಂಬ ಭಾಗ ಸವೆದರೆ ಎಲ್ಲ ತಿರುಗುಮುರುಗು: ನಡು ಹೋಗಿ ಅಂಚು ಉಳಿಯುತ್ತದೆ. ಅಜ್ಜಿ ದಾರಿಗಡ್ಡ ಇಟ್ಟ ಬಿಂದಿಗೆಯನ್ನು ಸಲೀಸಾಗಿ ಬಳಸಿ ಹೋಗುತ್ತಾರೆ, ಎದುರು ಬಂದ ಬೀಗರ ಮುಖ ಮಾತ್ರ ಗುರುತಿಸಲಾರರು. ‘ಕಂಡೂ ಮಾತಾಡಿಸಲಿಲ್ಲ, ಎಷ್ಟು ಸೊಕ್ಕು!’ ಎನ್ನುತ್ತಾರೆ ಬೀಗರು.

ಇನ್ನು ಆ ಕೋಲಿನ ಕೆಲಸ. ಎಡಗಾಲು ಮುಂದಿಡುವಾಗ ಕೋಲಿನ ತುದಿ ಬಲಕ್ಕೆ ಹೋಗಿರುತ್ತದೆ, ಮುಂದೆ ಬಲಗಾಲು ಊರುವ ನೆಲವನ್ನು ಮೊದಲೇ ತಡವಿ ನೋಡುವುದಕ್ಕೆ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಅಮೆರಿಕದ ಸೈನಿಕರಿಗಾಗಿ ರಿಚರ್ಡ್ ಹೂವರ್ ರೂಪಿಸಿದ ಕ್ರಮ ಇದು. ಬಿಳಿ ಬಣ್ಣ ಅದಕ್ಕಿಂತ ಹಳೆಯದು. ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಬ್ರಿಸ್ಟಲ್‌ನ ಛಾಯಾಗ್ರಾಹಕ ಜೇಮ್ಸ್ ಬಿಗ್ಸ್, ವಾಹನದವರ ಕಣ್ಣಿಗೆ ಬೀಳಲೆಂದು 1921ರಲ್ಲಿ ತನ್ನ ಕೋಲಿಗೆ ಬಿಳಿ ಬಳಿದುಕೊಂಡ. ಕೋಲು ನೆಲ ತಿಳಿಯಲು, ಬಣ್ಣ ಎದುರಿನವರು ತಿಳಿಯಲು. ‘ನನಗೇನೂ ಕಾಣುವುದಿಲ್ಲ’ ಎಂದು ಅದು ಎಲ್ಲೂ ಆಣೆ ಮಾಡುವುದಿಲ್ಲ. ಅಷ್ಟಕ್ಕೂ ಪೂರ್ತಿ ಕಾಣದವರೂ ಮೊಬೈಲ್ ಬಳಸುತ್ತಾರೆ. ಪರದೆಯಲ್ಲಿರುವುದನ್ನು ಟಾಕ್‌ಬ್ಯಾಕ್ ಎಂಬ ತಂತ್ರಾಂಶ ಕನ್ನಡದಲ್ಲೇ ಕಿವಿಗೆ ಓದಿ ಹೇಳುತ್ತದೆ.

ಉಳಿದ ನಂಬಿಕೆಗಳನ್ನು ಬೇಗ ಮುಗಿಸೋಣ. ದೇವರು ಕಣ್ಣು ಕಿತ್ತುಕೊಂಡು ಕಿವಿ ಚುರುಕು ಮಾಡಿರುತ್ತಾನೆಂಬುದು: ಅವರು ಗಮನವಿಟ್ಟು ಕೇಳಿ ಕೇಳಿ ರೂಢಿಸಿಕೊಂಡದ್ದು, ಯಾರೂ ವರ ಕೊಟ್ಟದ್ದಲ್ಲ. ಹಾರ್ನ್ ಹೊಡೆದರೆ ಉಪಕಾರ ಎಂಬುದು: ವಾಹನಗಳ ಸದ್ದಿನಿಂದಲೇ ದಾರಿ ಅಳೆಯುವವರಿಗೆ ಅದು ಅಳತೆಗೋಲನ್ನೇ ಕಿತ್ತುಕೊಂಡ ಹಾಗೆ. ಮಾರ್ಗದರ್ಶಿ ನಾಯಿ ಸಿಗ್ನಲ್ ನೋಡಿ ದಾಟಿಸುತ್ತದೆಂಬುದು: ಯಾವಾಗ ದಾಟಬೇಕೆಂದು ತೀರ್ಮಾನಿಸುವವರು ನಾಯಿಯ ಯಜಮಾನರು. ಕೈ ಹಿಡಿದು ಎಳೆದೊಯ್ದರೆ ಪುಣ್ಯ ಎಂಬುದು: ಮೊದಲು ಕೇಳಿ, ಬೇಕೆಂದರೆ ಅವರೇ ನಿಮ್ಮ ಮೊಣಕೈ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ, ಬೇಡವೆಂದರೆ ನಿಮ್ಮ ದಾರಿ ನೀವು ಹಿಡಿಯಿರಿ.

ತಿಳಿಯದಿರುವುದು ಅಪರಾಧವಲ್ಲ, ಒಪ್ಪೋಣ. ಆದರೆ ನಮ್ಮ ಅನುಮಾನ ಯಾರ ಮೇಲೆ ಏಳುತ್ತದೆ ಗಮನಿಸಿ. ಕ್ಯಾರೆಟ್ ತಿಂದರೆ ಕನ್ನಡಕ ಬಿಸಾಡಬಹುದು, ಯಾವುದೋ ಸೊಪ್ಪಿನ ರಸ ಬಿಟ್ಟರೆ ಕಣ್ಣಿನ ಪೊರೆ ಕರಗುತ್ತದೆ ಎಂಬ ವಾಟ್ಸಾಪ್ ಸಂದೇಶಗಳಿಗೆ ಯಾರೂ ಪುರಾವೆ ಕೇಳುವುದಿಲ್ಲ. ಅವು ಒಂದೇ ಬೆಳಗಿನಲ್ಲಿ ಹತ್ತು ಗುಂಪು ಸುತ್ತಿ ಬರುತ್ತವೆ. ಪುರಾವೆ ಕೊಡಬೇಕಾದವನು ಕೋಲು ಹಿಡಿದ ಹುಡುಗ ಮಾತ್ರ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಿ ಬರೆದು ಅಂಕ ಗಿಟ್ಟಿಸಿದವರೇ ನಾವೆಲ್ಲ. ಅಂಗವೈಕಲ್ಯವನ್ನು ಪ್ರಮಾಣಿಸಲು ವೈದ್ಯರಿದ್ದಾರೆ, ಯುಡಿಐಡಿ ಕಾರ್ಡಿದೆ. ಆ ಹುದ್ದೆಗೆ ನಮ್ಮನ್ನು ಯಾರೂ ನೇಮಿಸಿಲ್ಲ. ಪರೀಕ್ಷೆ ಮಾಡಲೇಬೇಕೆಂಬ ಹುರುಪಿದ್ದವರು ಅದನ್ನು ಮುಂದಿನ ಫಾರ್ವರ್ಡ್ ಒತ್ತುವ ಮುನ್ನ ತೋರಿಸಲಿ.